ಪ್ಯಾರಿಸ್ ಕೂಗಾಡಿ ಓಡಿಸಿದ ಸಿನಿಮಾ: ‘ಲಾ ರೆಗ್ಲ್ ದ್ಯು ಜು’ ಪ್ರಕರಣ

1939ರ ಜುಲೈ 7ರಂದು ಪ್ಯಾರಿಸ್‌ನ ಷಾನ್ಜೆಲಿಜೆ ರಸ್ತೆಯ ಕೊಲಿಸೆ ಚಿತ್ರಮಂದಿರದಲ್ಲಿ ಒಂದು ಹೊಸ ಸಿನಿಮಾ ತೆರೆಕಂಡಿತು. ಹೆಸರು ‘ಲಾ ರೆಗ್ಲ್ ದ್ಯು ಜು’, ಅಂದರೆ ಆಟದ ನಿಯಮ. ನಿರ್ದೇಶಕ ಜಾನ್ ರೆನ್ವಾರ್. ಜನ ಶಿಳ್ಳೆ ಹಾಕಿದರು. ನಮ್ಮಲ್ಲಿ ಶಿಳ್ಳೆ ಬಿದ್ದರೆ ಹೀರೋ ಬಂದ ಅಂತ ಅರ್ಥ. ಫ್ರಾನ್ಸಿನಲ್ಲಿ ಹಾಗಲ್ಲ, ಅದು ಛೀಮಾರಿ. ಕೂಗಾಟ, ಬೈಗುಳ, ಸೀಟು ಬಿಟ್ಟು ಎದ್ದು ಹೋಗುವುದು ಎಲ್ಲವೂ ನಡೆಯಿತು. ಒಬ್ಬ ಪ್ರೇಕ್ಷಕ ಪೇಪರ್ ಮಡಚಿ, ಕಡ್ಡಿ ಗೀರಿ ಥಿಯೇಟರಿಗೇ ಬೆಂಕಿ ಹಚ್ಚಲು ಹೊರಟಿದ್ದನ್ನು ಕಣ್ಣಾರೆ ಕಂಡೆ ಎಂದು ರೆನ್ವಾರ್ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ.

ಇದೇ ಸಿನಿಮಾ ಮುಂದೆ ಜಗತ್ತಿನ ಅತ್ಯುತ್ತಮ ಚಿತ್ರಗಳ ಪಟ್ಟಿಯಲ್ಲಿ ದಶಕಗಳ ಕಾಲ ಎರಡನೇ, ಮೂರನೇ ಸ್ಥಾನದಲ್ಲಿ ಕೂತಿತು. ಈ ಕಥೆಯನ್ನು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ: ಜನಕ್ಕೆ ಅರ್ಥವಾಗಲಿಲ್ಲ, ಚಿತ್ರ ಕಾಲಕ್ಕಿಂತ ಮುಂದಿತ್ತು. ನನಗೆ ಈ ಮಾತು ಸಾಲದು ಅನಿಸುತ್ತದೆ. ಯಾವ ಜನ, ಯಾವ ಪ್ರತಿ ನೋಡಿದರು, ಎಲ್ಲಿ ಕೂತು ನೋಡಿದರು ಎನ್ನುವುದನ್ನು ಬಿಡಿಸಿ ನೋಡಿದರೆ ಪ್ರಕರಣ ಬೇರೆಯೇ ಆಗಿ ಕಾಣುತ್ತದೆ.

ಆಗ ರೆನ್ವಾರ್ ಎಲ್ಲಿದ್ದರು

ಜಾನ್ ರೆನ್ವಾರ್ ಹುಟ್ಟಿದ್ದು 1894ರಲ್ಲಿ. ತಂದೆ ಹೆಸರಾಂತ ಚಿತ್ರಕಾರ ಪಿಯೇರ್ ಒಗ್ಯುಸ್ತ್ ರೆನ್ವಾರ್. ಮೊದಲ ಮಹಾಯುದ್ಧದಲ್ಲಿ ಜಾನ್ ಕಾಲಿಗೆ ಗಾಯವಾಗಿ, ಕುಂಟು ಜೀವನಪೂರ್ತಿ ಉಳಿಯಿತು. 1937ರಲ್ಲಿ ಅವರ ‘ಲಾ ಗ್ರಾಂದ್ ಇಲ್ಯೂಜಿಯೋಂ’ ಬಂತು. ಯುದ್ಧಕೈದಿಗಳ ಕಥೆ. ಅದು ದೊಡ್ಡ ಗೆಲುವು. 1938ರಲ್ಲಿ ‘ಲಾ ಬೆತ್ ಯುಮೆನ್’ ಬಂತು. ಅದೂ ಗೆದ್ದಿತು. ಅಂದರೆ 1939ಕ್ಕೆ ರೆನ್ವಾರ್ ಫ್ರಾನ್ಸಿನ ಬಹು ದೊಡ್ಡ ನಿರ್ದೇಶಕ. ಅವರ ಹೆಸರು ನೋಡಿಯೇ ಟಿಕೆಟ್ ಕೊಳ್ಳುವ ಜನ ಇದ್ದರು.

ಈ ಬಲದ ಮೇಲೆ ಅವರು ತಮ್ಮ ಗೆಳೆಯರ ಜೊತೆ ಸೇರಿ ಸ್ವಂತ ಕಂಪನಿ ಕಟ್ಟಿದರು. ಹೆಸರು ನೂವೆಲ್ ಎದಿಸ್ಯೋಂ ಫ್ರಾಂಸೇಜ್. ನಿರ್ಮಾಪಕರ ಹಿಡಿತವಿಲ್ಲದೆ, ಮನಸ್ಸಿಗೆ ಬಂದ ಚಿತ್ರ ಮಾಡಬೇಕು ಎನ್ನುವುದು ಆಸೆ. ಆ ಕಂಪನಿಯ ದೊಡ್ಡ ಪ್ರಯತ್ನವೇ ಈ ಚಿತ್ರ. ಬಜೆಟ್ 25 ಲಕ್ಷ ಫ್ರಾಂಕ್ ಎಂದು ಶುರುವಾಗಿ 50 ಲಕ್ಷ ದಾಟಿತು. ಫೆಬ್ರವರಿಯಲ್ಲಿ ಪ್ಯಾರಿಸ್‌ನ ದಕ್ಷಿಣಕ್ಕಿರುವ ಸೊಲೋನ್ಯ ಪ್ರದೇಶಕ್ಕೆ ಚಿತ್ರತಂಡ ಹೋಯಿತು. ಅದು ಕೆರೆ, ಜೌಗು, ಬೇಟೆಕಾಡುಗಳ ಸೀಮೆ. ಮಳೆ ಬಿಡಲೇ ಇಲ್ಲ. ತಂಡ ಕೈಕಟ್ಟಿ ಕೂತಷ್ಟೂ ಖರ್ಚು ಏರಿತು.

ಹಿಂದಿನ ಸೆಪ್ಟೆಂಬರಿನಲ್ಲಿ ಮ್ಯೂನಿಕ್ ಒಪ್ಪಂದ ಆಗಿತ್ತು. ಹಿಟ್ಲರನಿಗೆ ಚೆಕೊಸ್ಲೊವಾಕಿಯಾದ ಒಂದು ಭಾಗ ಬಿಟ್ಟುಕೊಟ್ಟು, ಶಾಂತಿ ಉಳಿಯಿತು ಎಂದು ಬ್ರಿಟನ್ ಮತ್ತು ಫ್ರಾನ್ಸ್ ನಿಟ್ಟುಸಿರು ಬಿಟ್ಟಿದ್ದವು. ರೆನ್ವಾರ್‌ಗೆ ಆ ನೆಮ್ಮದಿಯಲ್ಲಿ ನಂಬಿಕೆ ಇರಲಿಲ್ಲ. ಜ್ವಾಲಾಮುಖಿಯ ಮೇಲೆ ಕುಣಿಯುತ್ತಿರುವ ಸಮಾಜವನ್ನು ತೋರಿಸಬೇಕು ಅನಿಸಿತು ಎಂದು ಅವರೇ ಆಮೇಲೆ ವಿವರಿಸಿದ್ದಾರೆ. ಆದರೆ ಯುದ್ಧದ ಮಾತನ್ನೇ ಎತ್ತದೆ, ಒಂದು ಬಂಗಲೆ, ಒಂದಷ್ಟು ಅತಿಥಿಗಳು, ಒಂದು ಬೇಟೆ, ಒಂದು ಪಾರ್ಟಿ ಇಷ್ಟರಲ್ಲೇ ಅದನ್ನು ಹೇಳಲು ಹೊರಟರು.

ತೆರೆಯ ಮೇಲೆ ಇದ್ದದ್ದು ಏನು

ಆಂದ್ರೆ ಜೂರ್ಯೊ ಎಂಬ ಪೈಲಟ್ ಒಬ್ಬನೇ ಅಟ್ಲಾಂಟಿಕ್ ದಾಟಿ ಪ್ಯಾರಿಸ್‌ನ ಲ ಬುರ್ಜೆ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಾನೆ. ಜನಸಾಗರ. ರೇಡಿಯೋದವರು ಮೈಕ್ ಹಿಡಿದರೆ ದೇಶಕ್ಕೆ ಎರಡು ಒಳ್ಳೆಯ ಮಾತು ಹೇಳುವುದು ಬಿಟ್ಟು, ಯಾರಿಗಾಗಿ ಈ ಸಾಹಸ ಮಾಡಿದೆನೋ ಅವಳು ಬಂದಿಲ್ಲ ಎಂದು ಗೋಳಾಡುತ್ತಾನೆ. ಆ ಅವಳು ಕ್ರಿಸ್ಟೀನ್. ಮದುವೆಯಾದವಳು. ಮನೆಯಲ್ಲಿ ಅಲಂಕಾರ ಮಾಡಿಕೊಳ್ಳುತ್ತಾ ಅದೇ ರೇಡಿಯೋ ಕೇಳುತ್ತಿದ್ದಾಳೆ. ಅವಳ ಗಂಡ ರೊಬೇರ್ ದೊಡ್ಡ ಮನೆತನದ ಜಮೀನ್ದಾರ. ಅವನಿಗೂ ಒಬ್ಬ ಪ್ರೇಯಸಿ ಇದ್ದಾಳೆ. ಎಲ್ಲರಿಗೂ ಬೇಕಾದ ಗೆಳೆಯ ಆಕ್ತಾವ್, ಕೈಯಲ್ಲಿ ಕಾಸಿಲ್ಲದ, ಸ್ವಂತದ್ದು ಅಂತ ಏನನ್ನೂ ಮಾಡದ ಮನುಷ್ಯ. ಈ ಪಾತ್ರಕ್ಕೆ ರೆನ್ವಾರ್ ಮೊದಲು ಅಣ್ಣ ಪಿಯೇರ್‌ನನ್ನು ಯೋಚಿಸಿದ್ದರು. ಕೊನೆಗೆ ತಾವೇ ಮಾಡಿದರು.

ಇವರೆಲ್ಲ ಬೇಟೆಗೆಂದು ರೊಬೇರ್‌ನ ಹಳ್ಳಿ ಬಂಗಲೆಗೆ ಬರುತ್ತಾರೆ. ಮಹಡಿಯ ಮೇಲೆ ಯಜಮಾನರ ಪ್ರೇಮಪ್ರಕರಣ. ಕೆಳಗೆ ಅಡುಗೆಮನೆಯಲ್ಲಿ ಆಳುಗಳ ಪ್ರೇಮಪ್ರಕರಣ. ಕ್ರಿಸ್ಟೀನಳ ಕೆಲಸದಾಕೆ ಲಿಸೆತ್, ಅವಳ ಗಂಡ ಕಾಡಿನ ಕಾವಲುಗಾರ ಶುಮಾಖರ್, ಅವಳ ಹಿಂದೆ ಬಿದ್ದ ಕಳ್ಳಬೇಟೆಗಾರ ಮಾರ್ಸೊ. ವೇಷದ ಪಾರ್ಟಿಯ ರಾತ್ರಿ ಎರಡೂ ಲೋಕ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಶುಮಾಖರ್ ಪಿಸ್ತೂಲ್ ಹಿಡಿದು ಮಾರ್ಸೊನನ್ನು ಅಟ್ಟಿಸಿಕೊಂಡು ಹೋದರೆ ಅತಿಥಿಗಳು ಅದೂ ನಾಟಕದ ಭಾಗ ಎಂದುಕೊಳ್ಳುತ್ತಾರೆ. ಅಸ್ಥಿಪಂಜರದ ವೇಷದವರು ಕುಣಿಯುವಾಗ ಪಿಯಾನೋ ತನ್ನಷ್ಟಕ್ಕೆ ನುಡಿಯುತ್ತದೆ. ಬಾರಿಸಬೇಕಾದ ಹೆಂಗಸು ಕೀಲಿಗಳು ತಾವಾಗಿ ಏರಿಳಿಯುವುದನ್ನು ಸುಮ್ನೆ ನೋಡುತ್ತಾ ಕೂತಿರುತ್ತಾಳೆ. ಕರಡಿ ವೇಷದಲ್ಲಿರುವ ಆಕ್ತಾವ್ ಅದನ್ನು ಬಿಚ್ಚಿಕೊಡಿ ಎಂದು ಮನೆತುಂಬ ಓಡಾಡುತ್ತಾನೆ. ಯಾರಿಗೂ ಪುರುಸೊತ್ತಿಲ್ಲ.

ಕೊನೆಗೆ ಒಂದು ಸಾವು. ಲಿಸೆತ್‌ಳ ಮೇಲಂಗಿ ಹೊದ್ದ ಕ್ರಿಸ್ಟೀನಳನ್ನು ಶುಮಾಖರ್ ತನ್ನ ಹೆಂಡತಿ ಎಂದೇ ತಿಳಿಯುತ್ತಾನೆ. ಅವಳನ್ನು ಕಾಣಲು ಬಂದ ಜೂರ್ಯೊನನ್ನು ಆಕ್ತಾವ್ ಎಂದುಕೊಂಡು ಗುಂಡು ಹೊಡೆಯುತ್ತಾನೆ. ರೊಬೇರ್ ಮೆಟ್ಟಿಲ ಮೇಲೆ ನಿಂತು, ಗಂಭೀರವಾಗಿ, ಇದೊಂದು ದುರದೃಷ್ಟದ ಅಪಘಾತ ಎಂದು ಅತಿಥಿಗಳಿಗೆ ಹೇಳುತ್ತಾನೆ. ಎಲ್ಲರೂ ಒಳಗೆ ಹೋಗುತ್ತಾರೆ. ಚಿತ್ರ ಮುಗಿಯಿತು.

ನಡುವೆ ಬರುವ ಬೇಟೆಯ ದೃಶ್ಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಚಿತ್ರದ ಉಳಿದ ಭಾಗದಲ್ಲಿ ಕ್ಯಾಮೆರಾ ನಿಧಾನ. ಒಂದೇ ಶಾಟ್‌ನಲ್ಲಿ ಬಾಗಿಲು, ಪಡಸಾಲೆ, ಅದರಾಚೆಯ ಕೋಣೆ ಎಲ್ಲ ಕಾಣುತ್ತದೆ. ಬೇಟೆಯಲ್ಲಿ ಅದು ಪೂರ್ತಿ ಬದಲಾಗುತ್ತದೆ. ಬಿಳಿ ನಿಲುವಂಗಿ ತೊಟ್ಟ ಆಳುಗಳು ಸಾಲಾಗಿ ಮರಗಳಿಗೆ ಕೋಲು ಬಡಿಯುತ್ತಾ ಬರುತ್ತಾರೆ. ಮಲೆನಾಡಿನವರಿಗೆ ಸೋವಿನ ಬೇಟೆ ಎಂದರೆ ತಟ್ಟನೆ ಗೊತ್ತಾಗುತ್ತದೆ, ಅದೇ ಕ್ರಮ. ಮೊಲಗಳು, ಕಾಡುಕೋಳಿಯಂಥ ಫೆಸೆಂಟ್ ಹಕ್ಕಿಗಳು ದಿಕ್ಕೆಟ್ಟು ಬಯಲಿಗೆ ಬರುತ್ತವೆ. ಅಲ್ಲಿ ಯಜಮಾನರು ಬಂದೂಕು ಹಿಡಿದು ಕಾದಿರುತ್ತಾರೆ. 4 ನಿಮಿಷದೊಳಗೆ ಸುಮಾರು 50 ಶಾಟ್‌ಗಳು. ಪ್ರಾಣಿಗಳು ಸತ್ತದ್ದು ನಿಜವಾಗಿಯೇ. ಕೊನೆಯಲ್ಲಿ ಒಂದು ಮೊಲ ಒದ್ದಾಡಿ, ಮುಂಗಾಲು ಎದೆಗೆ ಒತ್ತಿಕೊಂಡು ಸೆಟೆಯುತ್ತದೆ. ಜೂರ್ಯೊನ ಸಾವಿನ ಹೊತ್ತಿಗೆ ಈ ಮೊಲ ನೆನಪಾಗದೇ ಇರುವುದಿಲ್ಲ. ಇವತ್ತು ಯಾರೂ ಹೀಗೆ ಚಿತ್ರೀಕರಿಸಲು ಬಿಡುವುದಿಲ್ಲ, ಬಿಡಲೂಬಾರದು. ಆದರೆ ಆ ಸಮಾಜ ಕೊಲ್ಲುವುದನ್ನು ಎಷ್ಟು ಸಲೀಸಾಗಿ ತೆಗೆದುಕೊಂಡಿತ್ತು ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಳಿದ ದೃಶ್ಯ ನಾನು ಬೇರೆ ನೋಡಿಲ್ಲ.

ಸಿಟ್ಟು ಎಲ್ಲಿಂದ ಬಂತು

ರೆನ್ವಾರ್ ರಾಜಕೀಯ ಎಲ್ಲರಿಗೂ ಗೊತ್ತಿತ್ತು. 1936ರಲ್ಲಿ ಕಮ್ಯುನಿಸ್ಟ್ ಪಕ್ಷಕ್ಕಾಗಿ ಚಿತ್ರ ಮಾಡಿದ್ದರು. 1938ರಲ್ಲಿ ಫ್ರೆಂಚ್ ಕ್ರಾಂತಿಯ ಬಗ್ಗೆ ಮಾಡಿದ ಚಿತ್ರಕ್ಕೆ ಜನರಿಂದಲೇ ವಂತಿಗೆ ಎತ್ತಿದ್ದರು. ಬಲಪಂಥದವರು ಹೊಸ ಚಿತ್ರಕ್ಕೆ ಬರುವ ಮೊದಲೇ ಬೈಯಲು ತಯಾರಾಗಿದ್ದರು ಎನ್ನುವುದು ಸುಳ್ಳಲ್ಲ. ಅದರ ಮೇಲೆ ಪಾತ್ರಕ್ಕೆ ಆರಿಸಿದ ನಟರು.

ಫ್ರೆಂಚ್ ಜಮೀನ್ದಾರ ರೊಬೇರ್ ಪಾತ್ರ ಮಾಡಿದ್ದು ಮಾರ್ಸೆಲ್ ದಾಲಿಯೊ. ಅವರು ಯಹೂದಿ. ರೆನ್ವಾರ್ ಅದನ್ನು ಮುಚ್ಚಿಡಲಿಲ್ಲ. ಯಜಮಾನರ ತಾಯಿಯ ಕಡೆಯ ಅಜ್ಜ ಫ್ರಾಂಕ್‌ಫರ್ಟ್‌ನ ರೋಸೆಂಥಾಲ್ ಎಂದು ಆಳುಗಳು ಊಟಕ್ಕೆ ಕೂತಾಗ ಆಡಿಕೊಳ್ಳುವ ದೃಶ್ಯವೇ ಇದೆ. ‘ಲಾ ಗ್ರಾಂದ್ ಇಲ್ಯೂಜಿಯೋಂ’ನಲ್ಲಿ ದಾಲಿಯೊ ಮಾಡಿದ ಪಾತ್ರದ ಹೆಸರೂ ರೋಸೆಂಥಾಲ್. ಅಂದರೆ ಬೇಕೆಂದೇ ಇಟ್ಟ ನೆನಪು ಅದು. ಯಹೂದಿ ದ್ವೇಷ ಬೀದಿಯಲ್ಲೂ ಪತ್ರಿಕೆಯಲ್ಲೂ ರಾಜಾರೋಷವಾಗಿ ಓಡಾಡುತ್ತಿದ್ದ 1939ರ ಫ್ರಾನ್ಸಿನಲ್ಲಿ ಇದು ಕೆಣಕಿದಂತೆಯೇ ಆಯಿತು. ಕ್ರಿಸ್ಟೀನ್ ಪಾತ್ರದ ನೋರಾ ಗ್ರೆಗೋರ್ ಆಸ್ಟ್ರಿಯಾದವರು. ನಾಜಿಗಳು ಆಸ್ಟ್ರಿಯಾ ನುಂಗಿದ ಮೇಲೆ ದೇಶ ಬಿಟ್ಟು ಬಂದವರು. ಅವರ ಫ್ರೆಂಚಿನಲ್ಲಿ ಜರ್ಮನ್ ಎಳೆತ ಕೇಳುತ್ತದೆ. ಇಂಥ ಬೇಸಿಗೆಯಲ್ಲಿ ಪ್ಯಾರಿಸ್ ಜನರ ಕಿವಿಗೆ ಅದು ಹಿತವಾಗಿ ಬೀಳಲಿಲ್ಲ. ಅವರ ನಟನೆ ತುಸು ಬಿಗಿ ಎನ್ನುವವರಿದ್ದಾರೆ. ನನಗೆ ಆ ಬಿಗಿಯೇ ಸರಿ ಕಾಣುತ್ತದೆ. ಆ ಮನೆಯಲ್ಲಿ ಕ್ರಿಸ್ಟೀನ್ ಹೊರಗಿನವಳೇ ಅಲ್ವಾ?

ಪ್ರದರ್ಶನ ಇಟ್ಟ ಹೊತ್ತೂ ನೋಡಿ. ಒಂದೇ ವಾರದಲ್ಲಿ ಜುಲೈ 14. ಕ್ರಾಂತಿಗೆ 150 ವರ್ಷ ತುಂಬುವ ಹಬ್ಬ. ದೇಶದ ಹೆಮ್ಮೆ ಹಾಡುವ ಸಾಕ್ಷ್ಯಚಿತ್ರವೊಂದನ್ನು ಈ ಸಿನಿಮಾದ ಜೊತೆಗೇ ತೋರಿಸಿದರು. ಅದು ಮುಗಿದ ಕೂಡಲೇ ಸುಳ್ಳು ಹೇಳುವ ಯಜಮಾನರು, ಸುಳ್ಳು ಹೇಳುವ ಆಳುಗಳು. ಆ ಜೋಡಿ ಆರಿಸಿದವರು ಎರಡನ್ನೂ ಒಟ್ಟಿಗೆ ಕೂತು ನೋಡಿದ್ದರೋ ಇಲ್ಲವೋ ಎಂಬ ಅನುಮಾನ ನನಗೆ.

ಇಷ್ಟು ಹೊರಗಿನ ಕಾರಣ. ಆದರೆ ಬರೀ ಬಲಪಂಥದವರು ಬಂದು ಗಲಾಟೆ ಮಾಡಿದರು ಎಂದರೆ ಸಾಕಾಗುವುದಿಲ್ಲ. ಮಾಮೂಲಿ ಪ್ರೇಕ್ಷಕರಿಗೂ ಚಿತ್ರ ಹಿಡಿಸಲಿಲ್ಲ. ಪತ್ರಿಕೆಗಳಲ್ಲಿ ಮೆಚ್ಚಿದವರೂ ಇದ್ದರು. ಆದರೆ ಜಾಸ್ತಿ ಕೇಳಿಬಂದ ದೂರು ಒಂದೇ: ಇದು ನಗಿಸುವ ಚಿತ್ರವೋ, ಅಳಿಸುವ ಚಿತ್ರವೋ ಗೊತ್ತಾಗುತ್ತಿಲ್ಲ.

ಈ ದೂರನ್ನು ನಾನು ಗೌರವದಿಂದಲೇ ಕೇಳುತ್ತೇನೆ. ಯಾಕೆಂದರೆ ಚಿತ್ರದ ಹೃದಯ ಅಲ್ಲೇ ಇದೆ. ಇದರಲ್ಲಿ ಖಳನಾಯಕ ಇಲ್ಲ. ಹೆಂಡತಿಗೆ ಮೋಸ ಮಾಡುವ ರೊಬೇರ್ ಮನೆಯ ಎಲ್ಲರಿಗಿಂತ ಮೃದು ಮನುಷ್ಯ. ಪಿಸ್ತೂಲ್ ಹಿಡಿದ ಶುಮಾಖರ್ ಹೆಂಡತಿಯನ್ನು ನಿಜವಾಗಿ ಪ್ರೀತಿಸುವವನು. ಅಟ್ಲಾಂಟಿಕ್ ದಾಟಿದ ವೀರ ನೆಲಕ್ಕಿಳಿದರೆ ಮಗುವಿನಂತೆ ಮುನಿಸಿಕೊಳ್ಳುತ್ತಾನೆ. ಆಕ್ತಾವ್ ಒಂದು ಕಡೆ ಹೇಳುತ್ತಾನೆ: ಈ ಲೋಕದಲ್ಲಿ ಭಯಂಕರವಾದದ್ದು ಏನೆಂದರೆ ಪ್ರತಿಯೊಬ್ಬರಿಗೂ ಅವರವರ ಕಾರಣ ಇರುತ್ತದೆ. ಈ ಮಾತನ್ನು ಎಷ್ಟೋ ಕಡೆ ಕ್ಷಮೆಯ ಮಾತು ಎಂಬಂತೆ ಎತ್ತಿ ಹೇಳುತ್ತಾರೆ. ಅದರ ಮುಂದೆ ‘ಭಯಂಕರ’ ಎಂಬುದು ಇದೆ ಎನ್ನುವುದನ್ನು ಮರೆಯುತ್ತಾರೆ. ಎಲ್ಲರಿಗೂ ಕಾರಣ ಇದೆ, ಎಲ್ಲರೂ ಒಳ್ಳೆಯವರೇ, ಆದರೂ ಒಬ್ಬ ಸತ್ತ. ಸತ್ತದ್ದನ್ನು ಎಲ್ಲರೂ ಸೇರಿ ಮುಚ್ಚಿದರು. ಇಲ್ಲಿ ಯಾರನ್ನು ಬೈಯುವುದು? ಬೈಯಲು ಯಾರೂ ಸಿಗದ ಪ್ರೇಕ್ಷಕ ಚಿತ್ರವನ್ನೇ ಬೈದ.

ಕತ್ತರಿ

ರೆನ್ವಾರ್ ಮೊದಲು ಜೋಡಿಸಿದ ಪ್ರತಿ 113 ನಿಮಿಷದ್ದು. ಬಿಡುಗಡೆಗೆ ಮುಂಚೆಯೇ ಚಿತ್ರದ ವಿತರಕರಾದ ಗೋಮೊನ್ ಕಂಪನಿಯ ಕಡೆಯಿಂದ ಕಡಿಮೆ ಮಾಡಿ ಎಂಬ ಒತ್ತಡ ಬಂತು. ಅದರಲ್ಲೂ ರೆನ್ವಾರ್ ನಟಿಸಿದ ಭಾಗಗಳು ಬೇಡ ಎಂಬ ಮಾತು. ಒಂದಷ್ಟು ಹೋಯಿತು. ಬಿಡುಗಡೆಯಾದ ಮೇಲೆ ಜನ ಎಲ್ಲೆಲ್ಲಿ ಕೂಗುತ್ತಾರೋ ಅಲ್ಲಲ್ಲಿ ರೆನ್ವಾರ್ ತಾವೇ ಕತ್ತರಿಸುತ್ತಾ ಹೋದರು. ಕೊನೆಗೆ ಉಳಿದದ್ದು ಸುಮಾರು 85 ನಿಮಿಷ.

ಇದರಿಂದ ಏನಾಯಿತು? ಆಕ್ತಾವ್ ಸೊರಗಿದ. ಮೇಲಿನವರಿಗೂ ಕೆಳಗಿನವರಿಗೂ ಸೇತುವೆಯಾಗಿ ಓಡಾಡುವವನು ಅವನೊಬ್ಬನೇ. ಅವನು ಕಾಣದಿದ್ದರೆ ಉಳಿದವರು ಯಾಕೆ ಹಾಗೆ ಆಡುತ್ತಿದ್ದಾರೆ ಎಂದು ತಿಳಿಯುವುದೇ ಕಷ್ಟ. ಕೊನೆಯ ಭಾಗವೂ ಬದಲಾಯಿತು. ಉದ್ದದ ಪ್ರತಿಯಲ್ಲಿ ಕ್ರಿಸ್ಟೀನ್ ಜೊತೆ ಓಡಿಹೋಗಲು ಆಕ್ತಾವ್ ತಾನೇ ಹೊರಟಿರುತ್ತಾನೆ. ಕೋಟು ತರಲು ಬಂದವನಿಗೆ ನಿನಗೆ ವಯಸ್ಸಾಯಿತು, ಕೈಯಲ್ಲಿ ದುಡ್ಡಿಲ್ಲ, ಅವಳನ್ನು ಹೇಗೆ ಸಾಕುತ್ತೀಯ ಎಂದು ಲಿಸೆತ್ ಬುದ್ಧಿ ಹೇಳುತ್ತಾಳೆ. ಅವನು ಕುಗ್ಗಿ, ತನ್ನ ಕೋಟನ್ನು ಜೂರ್ಯೊಗೆ ತೊಡಿಸಿ ಕಳಿಸುತ್ತಾನೆ. ಆ ಕೋಟೇ ಜೂರ್ಯೊನ ಜೀವ ತೆಗೆಯುತ್ತದೆ. ಮೊಟಕು ಪ್ರತಿಯಲ್ಲಿ ಆಕ್ತಾವ್‌ನ ಈ ಆಸೆಯೂ ಇಲ್ಲ, ಈ ಸೋಲೂ ಇಲ್ಲ. ಗೆಳೆಯನಿಗೆ ದಾರಿ ಮಾಡಿಕೊಟ್ಟ ಒಳ್ಳೆಯವನಷ್ಟೇ. ಅಲ್ಲಿಗೆ ಸಾವು ಬರೀ ಕೆಟ್ಟ ಗಳಿಗೆಯ ಕೆಲಸವಾಗುತ್ತದೆ.

ಗೊಂದಲ ಎಂದು ದೂರಿದ ಜನರಿಗೆ ಇನ್ನೂ ಗೊಂದಲದ ಚಿತ್ರ ಸಿಕ್ಕಿತು. ರೆನ್ವಾರ್ ಹೀಗೆ ಕತ್ತರಿಸಬಾರದಿತ್ತು ಎಂದು ಎಷ್ಟೋ ವರ್ಷದ ಮೇಲೆ ಕೂತು ಹೇಳುವುದು ಸುಲಭ. ಕಂಪನಿ ಅವರದ್ದೇ, ಸಾಲ ಅವರದ್ದೇ, ಕೂಗು ಕಿವಿಗೆ ಬೀಳುತ್ತಿದ್ದದ್ದೂ ಅವರಿಗೇ. ಚಿತ್ರ ಕೊಲಿಸೆಯಲ್ಲಿ ನಿಂತದ್ದು ಮೂರು ವಾರ. ಕಂಪನಿ ಮುಳುಗಿತು. ಒಂದೋ ಸಿನಿಮಾ ಬಿಡಬೇಕು, ಇಲ್ಲ ಫ್ರಾನ್ಸ್ ಬಿಡಬೇಕು ಅನಿಸುವಷ್ಟು ನೊಂದಿದ್ದೆ ಎಂದು ರೆನ್ವಾರ್ ಹೇಳಿಕೊಂಡಿದ್ದಾರೆ.

ನಿಷೇಧ, ಬಾಂಬು

ಸೆಪ್ಟೆಂಬರ್ 3ರಂದು ಫ್ರಾನ್ಸ್ ಯುದ್ಧ ಸಾರಿತು. ಅಕ್ಟೋಬರಿನಲ್ಲಿ ಸರ್ಕಾರ ಈ ಚಿತ್ರವನ್ನು ನಿಷೇಧಿಸಿತು. ಮನಸ್ಸು ಕುಗ್ಗಿಸುವಂಥದ್ದು, ರೋಗಗ್ರಸ್ತ, ಅನೈತಿಕ, ಯುವಕರ ಮೇಲೆ ಕೆಟ್ಟ ಪರಿಣಾಮ ಬೀರುವಂಥದ್ದು ಎನ್ನುವುದು ಕಾರಣ. ಫ್ರಾನ್ಸ್ ಸೋತ ಮೇಲೆ ಬಂದ ಆಡಳಿತದಲ್ಲೂ ನಿಷೇಧ ಮುಂದುವರಿಯಿತು. ರೆನ್ವಾರ್ 1940ರ ಕೊನೆಯ ದಿನ ನ್ಯೂಯಾರ್ಕ್ ತಲುಪಿದರು. ದಾಲಿಯೊ ಕೂಡ ಹಾಲಿವುಡ್ ಸೇರಿದರು. ಅತ್ತ ನಾಜಿಗಳು ಯಹೂದಿ ಮುಖ ಹೀಗಿರುತ್ತದೆ ಎಂದು ಪೋಸ್ಟರ್‌ನಲ್ಲಿ ಅಂಟಿಸಿದ್ದು ದಾಲಿಯೊ ಅವರ ಮುಖವನ್ನೇ. ರೊಬೇರ್ ತನ್ನ ಹೊಸ ಸಂಗೀತಯಂತ್ರವನ್ನು ಅತಿಥಿಗಳಿಗೆ ತೋರಿಸುವಾಗ ಕ್ಯಾಮೆರಾ ದಾಲಿಯೊ ಮುಖದ ಮೇಲೆ ನಿಲ್ಲುತ್ತದೆ. ಹೆಮ್ಮೆ, ನಾಚಿಕೆ, ಇವರು ಮೆಚ್ಚುತ್ತಾರೋ ಇಲ್ಲವೋ ಎಂಬ ಅಳುಕು, ಎಲ್ಲ ಒಂದೇ ಮುಖದಲ್ಲಿ. ನಾನು ತೆಗೆದ ಶಾಟ್‌ಗಳಲ್ಲಿ ಬಹುಶಃ ಅದೇ ಶ್ರೇಷ್ಠ ಎಂದಿದ್ದರು ರೆನ್ವಾರ್. ಪೋಸ್ಟರಿಗೆ ಹೋದದ್ದು ಅದೇ ಮನುಷ್ಯನ ಮುಖ. ಇದನ್ನು ಓದಿದ ಮೇಲೆ ಆ ಶಾಟ್ ನೋಡಲು ಆಗುವುದಿಲ್ಲ, ನೋಡದೆ ಇರಲೂ ಆಗುವುದಿಲ್ಲ.

1942ರಲ್ಲಿ ಮಿತ್ರರಾಷ್ಟ್ರಗಳ ಬಾಂಬ್ ದಾಳಿಯಲ್ಲಿ ಪ್ಯಾರಿಸ್ ಪಕ್ಕದ ಬುಲೋನ್ಯದ ಲ್ಯಾಬ್ ಹಾಳಾಯಿತು. ಮೂಲ ನೆಗೆಟಿವ್ ಅಲ್ಲೇ ಇತ್ತು, ಹೋಯಿತು.

ಕತ್ತರಿಸಿದ ಪ್ರತಿಯನ್ನೇ ಪ್ರೀತಿಸಿದವರು

ಇಲ್ಲಿಂದ ಮುಂದಿನದ್ದೇ ನನಗೆ ಪ್ರಕರಣದ ಮುಖ್ಯ ಭಾಗ.

ಯುದ್ಧ ಮುಗಿದ ಮೇಲೆ ಚಿತ್ರದ ಮೊಟಕು ಪ್ರತಿಯೊಂದು ಓಡಾಡತೊಡಗಿತು. ಫ್ರಾನ್ಸಿನ ಸಿನೆಕ್ಲಬ್‌ಗಳಲ್ಲಿ ಅದನ್ನು ತೋರಿಸಿದರು. ಸಿನೆಕ್ಲಬ್ ಎಂದರೆ ನಮ್ಮ ಫಿಲ್ಮ್ ಸೊಸೈಟಿಯಂತೆ: ಚಂದಾ ಕಟ್ಟಿ, ಸಿನಿಮಾ ನೋಡಿ, ಆಮೇಲೆ ಕೂತು ಚರ್ಚೆ ಮಾಡುವ ಜಾಗ. ವಿಮರ್ಶಕ ಆಂದ್ರೆ ಬಜ್ಯಾಂ ಈ ಚಿತ್ರದ ಬಗ್ಗೆ ಮತ್ತೆ ಮತ್ತೆ ಬರೆದರು. ಒಂದೇ ಶಾಟ್‌ನಲ್ಲಿ ಹತ್ತಿರದ್ದೂ ದೂರದ್ದೂ ಸ್ಪಷ್ಟವಾಗಿ ಕಾಣುವಂತೆ ಇಟ್ಟು, ಏನನ್ನು ನೋಡಬೇಕು ಎನ್ನುವುದನ್ನು ಪ್ರೇಕ್ಷಕನಿಗೇ ಬಿಡುವ ಕ್ರಮವನ್ನು ಅವರು ಎತ್ತಿ ತೋರಿಸಿದರು. ಮುಂದೆ ನಿರ್ದೇಶಕನಾದ ಫ್ರಾನ್ಸ್ವಾ ತ್ರುಫೊನಂಥ ಹುಡುಗರು ಸಿನಿಮಾ ಕಲಿತದ್ದು ಇಂಥ ಜಾಗಗಳಲ್ಲೇ. ಫ್ರೆಂಚ್ ನಿರ್ದೇಶಕ ಅಲಾಂ ರೆನೆ ಈ ಚಿತ್ರ ನೋಡಿ ಹೊರಬಂದು ಫುಟ್‌ಪಾತ್ ಅಂಚಿನಲ್ಲಿ ಕುಸಿದು ಕೂತೆ, ಆಮೇಲೆ ಗಂಟೆಗಟ್ಟಲೆ ಪ್ಯಾರಿಸ್ ಬೀದಿ ಸುತ್ತಿದೆ ಎಂದು ನೆನೆದಿದ್ದಾರೆ.

1952ರಲ್ಲಿ ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಮೊದಲ ಬಾರಿಗೆ ವಿಮರ್ಶಕರಿಂದ ಶ್ರೇಷ್ಠ ಚಿತ್ರಗಳ ಮತ ಕೇಳಿತು. ಈ ಚಿತ್ರ ಹತ್ತನೇ ಸ್ಥಾನ ಹಂಚಿಕೊಂಡಿತು. ಗಮನಿಸಿ, ಆಗಿನ್ನೂ ಪೂರ್ತಿ ಚಿತ್ರ ಸಿಕ್ಕಿರಲಿಲ್ಲ. ಅವರು ಮೆಚ್ಚಿದ್ದು ಕತ್ತರಿ ಬಿದ್ದ ಪ್ರತಿಯನ್ನು. ಹಾಗಾದರೆ ಕತ್ತರಿಯೇ ಚಿತ್ರವನ್ನು ಕೊಂದಿತು ಎಂಬ ವಾದ ನಿಲ್ಲುವುದಿಲ್ಲ.

ಸರಿ, ಯುದ್ಧ ಆದ ಮೇಲೆ ಜನಕ್ಕೆ ಕಣ್ಣು ತೆರೆಯಿತು ಎನ್ನೋಣವೇ? ಅದೂ ಪೂರ್ತಿ ನಿಲ್ಲುವುದಿಲ್ಲ. 1950ರಲ್ಲಿ ನ್ಯೂಯಾರ್ಕ್‌ನ ಥಿಯೇಟರಿನಲ್ಲಿ ಮೊಟಕು ಪ್ರತಿ ತೆರೆಕಂಡಿತು. ಯುದ್ಧ ಮುಗಿದು ಐದು ವರ್ಷ. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ರೆನ್ವಾರ್ ಏನು ಹೇಳಲು ಹೊರಟಿದ್ದಾರೋ ಯಾರಿಗೆ ಗೊತ್ತು ಎಂಬ ಧಾಟಿಯಲ್ಲಿ ಬರೆದು ತಳ್ಳಿಹಾಕಿತು. ಪ್ಯಾರಿಸ್‌ನ ಹಳೇ ದೂರೇ ಮತ್ತೆ.

ಪ್ಯಾರಿಸ್ 1939, ನ್ಯೂಯಾರ್ಕ್ 1950, ಸಿನೆಕ್ಲಬ್‌ಗಳು. ಈ ಮೂರನ್ನು ಪಕ್ಕಪಕ್ಕ ಇಟ್ಟಾಗ ನನಗೆ ಕಾಣುವ ಮುಖ್ಯ ವ್ಯತ್ಯಾಸ ನೋಡುವ ಕ್ರಮದ್ದು. ಮೊದಲೆರಡು ಕಡೆ ಜನ ಟಿಕೆಟ್ ಕೊಂಡು ಒಂದು ಸಲ ನೋಡಿದರು. ಸಿನೆಕ್ಲಬ್‌ನಲ್ಲಿ ಮತ್ತೆ ಮತ್ತೆ ನೋಡಿದರು, ಜಗಳವಾಡಿದರು, ಇನ್ನೊಮ್ಮೆ ಹೋಗಿ ನೋಡಿದರು. ಈ ಚಿತ್ರಕ್ಕೆ ಎರಡನೇ ನೋಟ ಬೇಕೇ ಬೇಕು. ಮೊದಲ ಸಲ ಕಣ್ಣು ಮಾತಾಡುವವರ ಮೇಲಿರುತ್ತದೆ. ಎರಡನೇ ಸಲವೇ ಹಿಂದಿನ ಬಾಗಿಲಲ್ಲಿ ಯಾರು ಬಂದರು, ಯಾರು ಯಾರನ್ನು ನೋಡಿ ಮುಖ ತಿರುಗಿಸಿದರು ಎಂದು ಕಾಣುವುದು. ಯಾರು ಸಾಯುತ್ತಾರೆ ಎಂದು ಗೊತ್ತಾದ ಮೇಲೆ ಮೊದಲರ್ಧದ ತಮಾಷೆಯ ಒಂದೊಂದು ಮಾತಿಗೂ ಇನ್ನೊಂದು ತೂಕ ಬರುತ್ತದೆ. ಷಾನ್ಜೆಲಿಜೆಯ ಥಿಯೇಟರಿಗೆ ಬಂದವರಿಗೆ ಆ ಅವಕಾಶ ಎಲ್ಲಿತ್ತು? ಅವರನ್ನು ದಡ್ಡರು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ದ್ವೇಷದಿಂದ ಕೂಗಿದವರ ಮಾತು ಬೇರೆ.

ಭಾರತದ ಒಂದು ಎಳೆಯೂ ಇಲ್ಲಿದೆ. 1947ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸ್‌ಗುಪ್ತ ಮತ್ತು ಗೆಳೆಯರು ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದ್ದರು. 1949ರಲ್ಲಿ ರೆನ್ವಾರ್ ‘ದಿ ರಿವರ್’ ಚಿತ್ರಕ್ಕಾಗಿ ಕಲ್ಕತ್ತಾಗೆ ಬಂದಾಗ, ಜಾಹೀರಾತು ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ರಾಯ್ ಅವರ ಜೊತೆ ಲೊಕೇಶನ್ ಹುಡುಕುತ್ತಾ ಊರೂರು ತಿರುಗಿದರು. ಮುಂದೆ ರಾಯ್ ಅವರ ಕಲಾ ನಿರ್ದೇಶಕರಾದ ಬನ್ಸಿ ಚಂದ್ರಗುಪ್ತ ಆ ಚಿತ್ರಕ್ಕೆ ಕೆಲಸ ಮಾಡಿದರು. ಸುಬ್ರತ ಮಿತ್ರ ಶೂಟಿಂಗ್ ನೋಡುತ್ತಲೇ ಕ್ಯಾಮೆರಾ ಕಲಿತರು. ಪ್ಯಾರಿಸ್ ಓಡಿಸಿದ ನಿರ್ದೇಶಕನಿಂದ ಬಂಗಾಳದ ಹುಡುಗರು ಪಾಠ ಹೇಳಿಸಿಕೊಂಡರು.

224 ಡಬ್ಬಿ

1950ರ ದಶಕದ ನಡುವೆ ಜಾನ್ ಗಾಬೊರಿ ಮತ್ತು ಜಾಕ್ ಮಾರೆಶಾಲ್ ಎಂಬ ಇಬ್ಬರು ಸಿನಿಮಾ ಪ್ರೇಮಿಗಳು ಚಿತ್ರದ ಹಕ್ಕು ಕೊಂಡರು. ಹುಡುಕಾಡಿದಾಗ ಬಾಂಬ್ ಬಿದ್ದ ಲ್ಯಾಬ್‌ನ ಸಾಮಾನುಗಳಲ್ಲಿ ಈ ಚಿತ್ರದ 224 ಡಬ್ಬಿ ಸಿಕ್ಕಿತು. ಒಳಗೆ ಕತ್ತರಿಸಿ ಬಿಸಾಡಿದ ತುಣುಕು, ಪ್ರಿಂಟು, ಸೌಂಡ್ ಪಟ್ಟಿಗಳು. ಅವನ್ನೆಲ್ಲ ಬಿಡಿಸಿ, ಹೊಂದಿಸಿ, ರೆನ್ವಾರ್ ಅವರನ್ನು ಕೇಳಿ ಕೇಳಿ ಮರುಜೋಡಣೆ ಮಾಡಿದರು. ಕೊನೆಗೆ ನಿಂತದ್ದು 106 ನಿಮಿಷದ ಪ್ರತಿ. ಆಕ್ತಾವ್ ಮತ್ತು ಜೂರ್ಯೊ ನಡುವಿನ ಒಂದು ಸಣ್ಣ ದೃಶ್ಯ ಮಾತ್ರ ಇನ್ನೂ ಸಿಕ್ಕಿಲ್ಲ, ಅದೇನೂ ಅಂಥ ಮುಖ್ಯವಲ್ಲ ಎಂದು ರೆನ್ವಾರ್ ಸಮಾಧಾನಪಟ್ಟರು. 1959ರ ವೆನಿಸ್ ಚಿತ್ರೋತ್ಸವದಲ್ಲಿ ಇದನ್ನು ತೋರಿಸಿದರು. ಅದರ ಹಿಂದಿನ ವರ್ಷ 40ರ ವಯಸ್ಸಿಗೇ ತೀರಿಕೊಂಡ ಬಜ್ಯಾಂ ಅವರ ನೆನಪಿಗೆ ಅರ್ಪಿಸಿದ್ದರು. ಕತ್ತರಿಸಿದ ಪ್ರತಿಯಲ್ಲೇ ಇಡೀ ಚಿತ್ರವನ್ನು ಕಂಡವರಿಗೆ ಪೂರ್ತಿ ನೋಡುವ ಭಾಗ್ಯ ಸಿಗಲಿಲ್ಲ ಎನ್ನುವುದು ನನ್ನನ್ನು ತುಂಬಾ ಕಾಡುತ್ತದೆ.

ಆಮೇಲಿನದ್ದು ಬೇಗ ಹೇಳಬಹುದು. 1962ರ ‘ಸೈಟ್ ಅಂಡ್ ಸೌಂಡ್’ ಪಟ್ಟಿಯಲ್ಲಿ ಮೂರನೇ ಸ್ಥಾನ. 1972, 1982, 1992ರಲ್ಲಿ ಎರಡನೇ ಸ್ಥಾನ. 2002ರಲ್ಲಿ ಮೂರು, 2012ರಲ್ಲಿ ನಾಲ್ಕು. 1952ರಿಂದ 2012ರವರೆಗೆ ಪ್ರತಿ ಸಲವೂ ಮೊದಲ ಹತ್ತರಲ್ಲಿ ಉಳಿದ ಚಿತ್ರ ಇದೊಂದೇ. 2022ರಲ್ಲಿ 13ಕ್ಕೆ ಇಳಿಯಿತು. ಅಮೆರಿಕದ ನಿರ್ದೇಶಕ ರಾಬರ್ಟ್ ಆಲ್ಟ್‌ಮನ್ ತನಗೆ ಆಟದ ನಿಯಮ ಕಲಿಸಿದ್ದೇ ಈ ಚಿತ್ರ ಎಂದರು. 2001ರ ಅವರ ‘ಗಾಸ್‌ಫರ್ಡ್ ಪಾರ್ಕ್’ನಲ್ಲೂ ಒಂದು ಬಂಗಲೆ, ಬೇಟೆ, ಮೇಲೆ ಯಜಮಾನರು, ಕೆಳಗೆ ಆಳುಗಳು ಇದ್ದಾರೆ.

ಮೊದಲ ಸಲ ನೋಡುವವರಿಗೆ

ಈಗ ಸಾಮಾನ್ಯವಾಗಿ ಸಿಗುವುದು 106 ನಿಮಿಷದ ಪ್ರತಿಯೇ. 1939ರ ಜುಲೈನಲ್ಲಿ ಪ್ಯಾರಿಸ್ ನೋಡಿ ಬೈದದ್ದು ಇದನ್ನಲ್ಲ ಎನ್ನುವುದು ನೆನಪಿರಲಿ. ಇದು ರೆನ್ವಾರ್ ಮೊದಲು ಕಟ್ಟಿದ 113 ನಿಮಿಷದ ಚಿತ್ರವೂ ಅಲ್ಲ. ಹತ್ತಿರದ್ದು, ಅಷ್ಟೆ.

ಮೊದಲ ಅರ್ಧ ಗಂಟೆ ಯಾರು ಯಾರಿಗೆ ಏನಾಗಬೇಕು ಎಂದು ತಲೆ ಕೆಡುವುದು ಸಹಜ. ಸಬ್‌ಟೈಟಲ್ ಓದುವುದರಲ್ಲೇ ಅರ್ಧ ದೃಶ್ಯ ಹೋಗುತ್ತದೆ. ಬಿಡಬೇಡಿ, ಬೇಟೆಯವರೆಗೆ ಕೂತಿರಿ. ಮುಗಿದ ಮೇಲೆ ಒಂದೆರಡು ವಾರ ಬಿಟ್ಟು ಮತ್ತೆ ಹಾಕಿ. ಆಗ ಪಾರ್ಟಿಯ ಭಾಗದಲ್ಲಿ ಮುಂದಿರುವವರನ್ನು ಬಿಟ್ಟು ಹಿಂದಿನ ಪಡಸಾಲೆಯನ್ನು ನೋಡಿ, ಶುಮಾಖರ್ ಎಲ್ಲೆಲ್ಲಿ ಸುಳಿಯುತ್ತಾನೆ ಎಂದು. ಕೊನೆಯಲ್ಲಿ ರೊಬೇರ್ ಮೆಟ್ಟಿಲ ಮೇಲೆ ಮಾತಾಡುವಾಗ ಕೇಳಿಸಿಕೊಳ್ಳುತ್ತಿರುವ ಅತಿಥಿಗಳ ಕಡೆಗೂ ಕಣ್ಣಿರಲಿ. ಅಪಘಾತ ಎಂಬ ಮಾತಿಗೆ ಹೊಸ ಅರ್ಥ ಬಂತಲ್ಲ ಎಂದು ಒಬ್ಬ ಅಣಕಿಸುತ್ತಾನೆ. ಮುದಿ ಜನರಲ್ ಅವನನ್ನು ಗದರಿಸಿ, ರೊಬೇರ್‌ನ ಘನತೆಯನ್ನು ಹೊಗಳುತ್ತಾನೆ.